ಹಲ್ಲಿನ ತಂತಿಯ ಹಾಡುಗಾರ್ತಿ

ಸೋಮವಾರಪೇಟೆಯಲ್ಲಿ ಮೂರು ದಿನದಿಂದ ಬಿಡದ ಮಳೆ. ಕರೆಂಟೂ ಇಲ್ಲ. ಮೊಬೈಲಿನಲ್ಲಿ ಉಳಿದಿದ್ದ ಚಾರ್ಜನ್ನೆಲ್ಲ ಪಾಲಿ ಸ್ಟೈರೀನ್ ಎಂಬ ಹಾಡುಗಾರ್ತಿಯ ಹಾಡಿಗೇ ಸುರಿದೆ.

"ಯಾರೇ ಅದು, ಹೀಗೆ ಕಿರುಚೋದು?" ಅಮ್ಮ ಕಾಳುಮೆಣಸು ಆರಿಸುತ್ತಲೇ ಕೇಳಿದರು.

ಲಂಡನ್ನಿನ ಹುಡುಗಿ, ಅಪ್ಪ ಸೊಮಾಲಿಯಾದವರು ಅಂದೆ. 1976ರಲ್ಲಿ, 19 ತುಂಬಿದ ದಿನವೇ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ರಾಕ್ ತಂಡ ಹಾಡಿದ್ದನ್ನು ನೋಡಿದಳು. ಪತ್ರಿಕೆಗೆ ಜಾಹೀರಾತು ಕೊಟ್ಟು 'ಎಕ್ಸ್-ರೇ ಸ್ಪೆಕ್ಸ್' ತಂಡ ಕಟ್ಟಿದಳು. 1978ರಲ್ಲಿ ಮೊದಲ ಆಲ್ಬಂ. ಪ್ಲಾಸ್ಟಿಕ್, ಜಾಹೀರಾತು, ಕೊಳ್ಳುವ ಹುಚ್ಚು, ಎಲ್ಲವನ್ನೂ ಆಗಲೇ ಗೇಲಿ ಮಾಡಿದ್ದಳು. ಮುಂದೆ ಕೃಷ್ಣಭಕ್ತೆಯೂ ಆದಳು. (ಇದಕ್ಕೆ ಮಾತ್ರ ಅಮ್ಮ ತಲೆ ಎತ್ತಿದರು!) 2011ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ 53 ವರ್ಷ, ಅಷ್ಟೇ.

ನನಗೆ ಇಷ್ಟವಾಗಿದ್ದು ಅವಳ ಹಲ್ಲಿನ ತಂತಿ. ಅದನ್ನು ಹಾಕಿಕೊಂಡೇ ಬಾಯಿ ತುಂಬ ಹಾಡಿದಳು. ನಾನೋ, ಹೈಸ್ಕೂಲಿನ ಒಂದು ಫೋಟೋದಲ್ಲೂ ಬಾಯಿ ತೆರೆದಿಲ್ಲ.

"ಆ ತಂತಿಗೆ ನಾವು ಒಂದು ಮೂಟೆ ಕಾಫಿ ಮಾರಿದ್ವಿ ಕಣೇ," ಅಂದರು ಅಮ್ಮ.