ತುಂಬಿದ ಮೆಮೊರಿ ಪೋಲಲ್ಲ

16 ಮಾರ್ಚ್ 2025, ಭಾನುವಾರ

ಮನೆಯ ಕಂಪ್ಯೂಟರಿನಲ್ಲಿ ಯಾವುದನ್ನು ಪೋಲು ಎನ್ನಬೇಕು ಎಂಬ ಬಗ್ಗೆ ಇಂದು ತಂಗಿಯ ಮಗನೊಂದಿಗೆ ಬಹಳ ಹೊತ್ತು ಮಾತನಾಡಿದೆ. ಮೆಮೊರಿ (ಕೆಲಸ ನಡೆಯುವಾಗ ಯಂತ್ರ ಬಳಸುವ ತಾತ್ಕಾಲಿಕ ಜಾಗ, ರ‍್ಯಾಮ್) ಯಾವಾಗಲೂ ತುಂಬಿಯೇ ಇರುತ್ತದೆಂದು ಕಳವಳಗೊಂಡು, ಅದನ್ನು ಆಗಾಗ ಖಾಲಿ ಮಾಡುವ ತಂತ್ರಾಂಶವೊಂದನ್ನು ಅವನು ಹಾಕಿಕೊಂಡಿದ್ದ. "ಎಂಟು ಜಿಬಿಯಲ್ಲಿ ಆರೂವರೆ ಸುಮ್ಮನೆ ಹೋಗ್ತಾ ಇದೆ, ನೋಡಿ ಮಾಮ" ಎಂದು, ಯಂತ್ರದ ಬಳಕೆಯ ಲೆಕ್ಕ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ. ತಂತ್ರಾಂಶದ ಗುಂಡಿ ಒತ್ತಿದೊಡನೆ ಆ ಅಂಕಿ ಮೂರಕ್ಕೆ ಇಳಿಯಿತು ನಿಜ; ಆದರೆ ಬ್ರೌಸರಿಗೆ ಮರಳಿದಾಗ ತೆರೆದಿಟ್ಟಿದ್ದ ಪುಟ ಕೆಲಹೊತ್ತು ಬೆಳ್ಳಗೆ ನಿಂತುಬಿಟ್ಟಿತು, ಡಿಸ್ಕಿನ ದೀಪ ಒಂದೇ ಸಮನೆ ಮಿನುಗಿತು, ಅಂಕಿ ಮತ್ತೆ ಮೇಲೇರತೊಡಗಿತು. ಹೊರಹಾಕಿದ್ದನ್ನೆಲ್ಲ ಯಂತ್ರ ಎರಡನೆಯ ಸಲ ಡಿಸ್ಕಿನಿಂದ ಓದಿ ತರಬೇಕಾಯಿತು. ನಾನು ಪೋಲು ಎನ್ನುವುದು ಈ ಎರಡನೆಯ ಓದನ್ನು.

ಮೆಮೊರಿ ಚಿಪ್ಪಿನಲ್ಲಿ ಪ್ರತಿಯೊಂದು ಬಿಟ್ಟೂ, ಎಂದರೆ ಮಾಹಿತಿಯ ಅತಿ ಚಿಕ್ಕ ತುಣುಕೂ, ಒಂದು ಪುಟ್ಟ ಕೆಪಾಸಿಟರಿನಲ್ಲಿ ವಿದ್ಯುದಾವೇಶವಾಗಿ ಕುಳಿತಿರುತ್ತದೆ. ಆ ಆವೇಶ ಸೋರಿಹೋಗುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಕೆಪಾಸಿಟರುಗಳ ಎಲ್ಲ ಸಾಲುಗಳನ್ನೂ ಒಮ್ಮೆ ಓದಿ ಮತ್ತೆ ತುಂಬಲೇಬೇಕು. ಅಲ್ಲಿ ನಮಗೆ ಬೇಕಾದ ಮಾಹಿತಿ ಇದ್ದರೂ, ಏನೂ ಇಲ್ಲದಿದ್ದರೂ ಆ ಖರ್ಚು ತಪ್ಪುವುದಿಲ್ಲ. ಹೀಗಿರುವಾಗ ಅದನ್ನು ಖಾಲಿ ಇಟ್ಟು ಉಳಿಸುವುದೇನು? ಆದ್ದರಿಂದಲೇ ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಗಳು ಮಿಕ್ಕ ಮೆಮೊರಿಯಲ್ಲಿ ಇತ್ತೀಚೆಗೆ ಓದಿದ ಕಡತಗಳನ್ನು ಇಟ್ಟುಕೊಂಡಿದ್ದು, ಬೇರೆ ಕೆಲಸಕ್ಕೆ ಜಾಗ ಬೇಕಾದಾಗ ಬಿಟ್ಟುಕೊಡುತ್ತವೆ. ಈ ಗೊಂದಲ ನಮ್ಮ ಹುಡುಗನದು ಮಾತ್ರವಲ್ಲ. 2014ರಲ್ಲಿ ಬಂದ ಲಿನಕ್ಸ್ ಕರ್ನಲ್ 3.14ರಲ್ಲಿ (ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಿನ ಒಂದು ಆವೃತ್ತಿ), ಖಾಲಿ ಇರುವ ಮೆಮೊರಿಯ ಲೆಕ್ಕದ ಜೊತೆಗೆ ಬೇಕೆಂದಾಗ ಸಿಗಬಹುದಾದ ಮೆಮೊರಿಯ ಅಂದಾಜನ್ನೂ ಬೇರೆಯಾಗಿಯೇ ತೋರಿಸತೊಡಗಿದರು.

ಲೆಕ್ಕ ಮಾಡುವ ಪ್ರೊಸೆಸರಿನ ವಿಷಯ ಇದಕ್ಕೆ ತದ್ವಿರುದ್ಧ. ಇಂದಿನ ಪ್ರೊಸೆಸರ್ ಕೆಲಸವಿಲ್ಲದಾಗ ತನ್ನ ವೇಗವನ್ನು ತಗ್ಗಿಸಿ, ಕೆಲವು ಭಾಗಗಳನ್ನು ನಿದ್ರೆಗೆ ಕಳಿಸಿ, ಬಹಳ ಕಡಿಮೆ ವಿದ್ಯುತ್ತಿನಲ್ಲಿ ಇರಬಲ್ಲದು; ಕೆಲಸ ಹೇರಿದೊಡನೆ ಬಳಕೆ ಏರುತ್ತದೆ. ಹೆಚ್ಚುವರಿ 100 ವ್ಯಾಟ್ ಹತ್ತು ಗಂಟೆ ಎಳೆದರೆ ಒಂದು ಯೂನಿಟ್. ಆದ್ದರಿಂದ ಇಲ್ಲಿ ಮಾತ್ರ ಯಾತಕ್ಕಾಗಿ ಎಂಬ ಪ್ರಶ್ನೆ ಕೇಳಬೇಕಾಗುತ್ತದೆ.

ಮನೆಯ ಕಂಪ್ಯೂಟರಿನಲ್ಲಿ ಬಿಟ್‌ಕಾಯಿನ್ ಗಣಿಗಾರಿಕೆ, ಎಂದರೆ ಲೆಕ್ಕ ಬಿಡಿಸಿ ಆ ಡಿಜಿಟಲ್ ನಾಣ್ಯ ಗಳಿಸುವ ಕೆಲಸ, ಮಾಡುವುದು ಶುದ್ಧ ಪೋಲು ಎಂದು ಅವನಿಗೆ ಸ್ಪಷ್ಟವಾಗಿಯೇ ಹೇಳಿದೆ. ಪ್ರತಿ 2016 ಬ್ಲಾಕುಗಳಿಗೊಮ್ಮೆ (ಬ್ಲಾಕ್ ಎಂದರೆ ವಹಿವಾಟುಗಳ ಒಂದು ಕಂತೆ; ಅದರೊಂದಿಗೇ ಹೊಸ ನಾಣ್ಯಗಳು ಹುಟ್ಟುತ್ತವೆ) ಲೆಕ್ಕದ ಕಾಠಿಣ್ಯವನ್ನು ಸರಿಹೊಂದಿಸಿ, ಸುಮಾರು ಹತ್ತು ನಿಮಿಷಕ್ಕೆ ಒಂದು ಬ್ಲಾಕ್ ಬರುವಂತೆ ಆ ವ್ಯವಸ್ಥೆ ನೋಡಿಕೊಳ್ಳುತ್ತದೆ. ಎಷ್ಟು ಯಂತ್ರಗಳು ಸೇರಿದರೂ ಹುಟ್ಟುವ ನಾಣ್ಯಗಳ ಸಂಖ್ಯೆ ಹೆಚ್ಚುವುದಿಲ್ಲ. ಅದಕ್ಕೆಂದೇ ತಯಾರಾದ ಚಿಪ್ಪುಗಳ ಮುಂದೆ ಮನೆಯ ಯಂತ್ರದ ಪಾಲು ಲೆಕ್ಕಕ್ಕೇ ಸಿಗದು.

ಹಾಗಾದರೆ ಜನರ ಮನೆಯ ಕಂಪ್ಯೂಟರುಗಳಿಂದ ವಿಜ್ಞಾನದ ಲೆಕ್ಕ ಮಾಡಿಸುವ ಫೋಲ್ಡಿಂಗ್ ಅಟ್ ಹೋಮ್ ಯೋಜನೆ ಕೂಡ ಪೋಲೇ ಎಂದು ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಅನ್ಯಗ್ರಹಗಳ ಸಂಕೇತ ಹುಡುಕಲು 1999ರ ಮೇ ತಿಂಗಳಲ್ಲಿ ಇಂಥದೇ ಸೆಟಿ ಅಟ್ ಹೋಮ್ ಯೋಜನೆ ಆರಂಭಿಸಿದಾಗ, ಸುಮ್ಮನೆ ಕುಳಿತಿರುವ ಪ್ರೊಸೆಸರಿನ ಶಕ್ತಿ ಹೇಗಿದ್ದರೂ ವ್ಯರ್ಥ, ಅದನ್ನು ವಿಜ್ಞಾನಕ್ಕೆ ಕೊಡೋಣ ಎಂಬ ವಾದ ಬಹಳ ಜನರಿಗೆ ಒಪ್ಪಿಗೆಯಾಯಿತು. ಆ ವಾದ ಈಗ ನಿಲ್ಲುವುದಿಲ್ಲ, ಏಕೆಂದರೆ ಸುಮ್ಮನಿರುವ ಯಂತ್ರ ಈಗ ನಿಜವಾಗಿಯೂ ಉಳಿತಾಯ ಮಾಡುತ್ತದೆ. ಇಂದು ನಾವು ಕೊಡುವುದು ಮಿಕ್ಕಿದ್ದನ್ನಲ್ಲ, ದುಡ್ಡು ಕೊಟ್ಟು ಕೊಂಡ ವಿದ್ಯುತ್ತನ್ನು. ಆದರೂ ನಾನು ಅದನ್ನು ಪೋಲು ಎನ್ನಲಾರೆ. 2000ದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಫೋಲ್ಡಿಂಗ್ ಅಟ್ ಹೋಮ್ ಪ್ರೋಟೀನುಗಳು ಹೇಗೆ ಮಡಚಿಕೊಳ್ಳುತ್ತವೆ ಎಂಬುದನ್ನು ಲೆಕ್ಕ ಹಾಕುತ್ತದೆ. 2020ರಲ್ಲಿ ಅಸಂಖ್ಯ ಮನೆಗಳ ಯಂತ್ರಗಳು ಕೊರೊನಾ ವೈರಾಣುವಿನ ಪ್ರೋಟೀನುಗಳಿಗಾಗಿ ದುಡಿದವು. ತಿಳಿದು ಕೊಟ್ಟದ್ದು ದಾನ.

ಬೇಸಿಗೆ ರಜೆಯಲ್ಲಿ ತಾನೂ ಸೇರಬೇಕೆಂದು ಅವನಿಗೆ ಆಸೆಯಾಗಿದೆ. ಕರೆಂಟಿನ ಬಿಲ್ಲು ಕಟ್ಟುವವಳು ಅವನ ತಾಯಿಯಾದ್ದರಿಂದ ಮೊದಲು ಅವಳನ್ನು ಕೇಳಬೇಕೆಂದೂ, ಪ್ರೊಸೆಸರಿನ ಎಲ್ಲ ಕೋರ್‌ಗಳನ್ನು (ಲೆಕ್ಕ ಮಾಡುವ ಘಟಕಗಳನ್ನು) ಕೊಡದೆ ಎರಡನ್ನಷ್ಟೇ ಕೊಡಬೇಕೆಂದೂ, ಕರೆಂಟು ಹೋಗಿ ಯುಪಿಎಸ್ ಮೇಲೆ ನಡೆಯುವಾಗ ಅದನ್ನು ನಿಲ್ಲಿಸಬೇಕೆಂದೂ ಹೇಳಿ ಬಂದಿದ್ದೇನೆ.