ಎಚುಕಾ ಹತ್ತಿರದ ಒಂದು ತಗಡಿನ ಶೆಡ್ಡು

ಮೆಲ್ಬರ್ನಿನ ಮಗಳ ಮನೆಯಿಂದ ಮೂರು ದಿನಕ್ಕೆ ಅಂತ ಎಚುಕಾಗೆ ಹೋಗಿದ್ದೆವು. ಮರ್ರೆ ನದಿ, ಹಳೇ ಉಗಿ ದೋಣಿಗಳು, ರೆಡ್ ಗಮ್ ಮರದಲ್ಲೇ ಕಟ್ಟಿದ ಎತ್ತರದ ದಕ್ಕೆ, ಎಲ್ಲ ನೋಡಿದೆವು. ಚೆನ್ನಾಗಿವೆ. ಆದರೆ ನಾನು ಬರೆಯಬೇಕು ಅಂತ ಕೂತಿದ್ದು ಅಲ್ಲೇ ಹತ್ತಿರದ ಸಣ್ಣ ಊರಿನ ಮೆನ್ಸ್ ಶೆಡ್ ಬಗ್ಗೆ.

ಗಂಡಸರು, ಅದರಲ್ಲೂ ರಿಟೈರ್ ಆದವರು, ಒಂದು ಕಡೆ ಸೇರಿ ಮರಗೆಲಸ, ರಿಪೇರಿ ಮಾಡುತ್ತಾ ಹರಟುವ ಜಾಗ ಅದು. ಅಳಿಯ ಹೇಳಿದಾಗಿನಿಂದ ನೋಡುವ ಆಸೆ. ಮೊದಲ ದಿನ ಹೋದರೆ ಬೀಗ! ವಾರಕ್ಕೆ ಎರಡೇ ದಿನ, ಅದೂ ಬೆಳಿಗ್ಗೆ ಮಾತ್ರ ತೆಗೆಯುತ್ತಾರಂತೆ. ಮಾರನೇ ದಿನ ಹೋದರೆ ಚಪ್ಪಲಿ ಹಾಕಿದ್ದೇನೆ ಅಂತ ಬಾಗಿಲಲ್ಲೇ ನಿಲ್ಲಿಸಿದರು. ಮಷೀನು ಓಡುವ ಜಾಗ, ಅವರು ಹೇಳಿದ್ದು ಸರಿಯೇ. ಅಳಿಯನ ಷೂ ಹಾಕಿಕೊಂಡು ಒಳಗೆ ಹೋಗುವಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು, ಆ ಅರ್ಧ ಗಂಟೆ ಈಗಲೂ ಹೊಟ್ಟೆ ಉರಿಸುತ್ತೆ. ನೀವು ಹೋಗೋದಾದರೆ ಮೊದಲೇ ಫೋನ್ ಮಾಡಿ, ಷೂ ಹಾಕಿಕೊಂಡು ಹೋಗಿ.

ಒಳಗೆ ಹತ್ತು ಹನ್ನೆರಡು ಜನ. ರೆಡ್ ಗಮ್ ಹಲಗೆ ಕೊಯ್ಯುತ್ತಿದ್ದರು. ನೆಲದ ತುಂಬ ಕೆಂಪು ಹೊಟ್ಟು. ಕ್ರಿಸ್‌ಮಸ್‌ಗೆ ಬಡ ಮಕ್ಕಳಿಗೆ ಕೊಡಲು ಮರದ ಲಾರಿಗಳನ್ನು ಮಾಡುತ್ತಿದ್ದರು. ಹಿಂದೆ ಹಸು ಸಾಕಿದ್ದ ಒಬ್ಬ ಅಜ್ಜ ನನ್ನ ಕೈಗೆ ಒಂದು ಚಕ್ರ, ಒಂದು ತುಂಡು ಉಪ್ಪುಕಾಗದ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡರು.

ಇಬ್ಬರೂ ಉಜ್ಜುತ್ತಾ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅವರು ತಲೆ ಎತ್ತದೇ ಹೇಳಿದರು: "ಹೆಂಡತಿ ಹೋದ ಮೇಲೆ ಮೂರು ತಿಂಗಳು ಟೀವಿ ಆರಿಸಲೇ ಇಲ್ಲ. ಮನೇಲಿ ಒಂದು ದನಿ ಇರಲಿ ಅಂತ."

ನಾನೂ ಚಕ್ರ ನೋಡುತ್ತಲೇ ಹೇಳಿಬಿಟ್ಟೆ. ರಿಟೈರ್ ಆಗಿ ವರ್ಷವಾದರೂ ಐದಕ್ಕೇ ಎಚ್ಚರವಾಗುತ್ತೆ, ಸ್ನಾನ ಮಾಡಿ ಇಸ್ತ್ರಿ ಶರ್ಟು ಹಾಕಿ ಸುಮ್ನೆ ಕೂತಿರುತ್ತೇನೆ ಅಂತ. ಮಗಳಿಗೂ ಹೇಳದ ಮಾತು ಅದು.

ಅವರು ನನ್ನ ಚಕ್ರ ತಗೊಂಡು ಹೆಬ್ಬೆರಳು ಸವರಿ, "ಅಂಚು ಇನ್ನೂ ಒರಟಾಗಿದೆ, ಇನ್ನೊಂದು ಸಲ ಉಜ್ಜಿ" ಅಂದರು. ಅಷ್ಟೇ.

ಹತ್ತು ಗಂಟೆಗೆ ಟೀ. ಅದಕ್ಕೆ ಸ್ಮೋಕೋ ಅಂತಾರೆ. ಟೀ ಬ್ಯಾಗಿನ ಆ ಟೀ ನನಗೆ ಹಿಡಿಸಲಿಲ್ಲ, ಕೊಬ್ಬರಿ ತುರಿ ಹಚ್ಚಿದ ಲ್ಯಾಮಿಂಗ್ಟನ್ ಕೇಕು ಮಾತ್ರ ಎರಡು ತಿಂದೆ. ಮೆನ್ಸ್ ಶೆಡ್ ಅನ್ನೋ ಹೆಸರಿನಲ್ಲಿ ಮೊದಲನೆಯದು ಶುರುವಾಗಿದ್ದು ಅಲ್ಲೇ ಹತ್ತಿರದ ಟೊಂಗಾಲಾದಲ್ಲಿ, 1998ರಲ್ಲಿ ಅಂತ ಹೆಮ್ಮೆಯಿಂದ ಹೇಳಿದರು. ಅದಕ್ಕೂ ಮೊದಲೇ, 1993ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಗೂಲ್ವಾದಲ್ಲಿ ಇಂಥದ್ದೊಂದನ್ನು ಶುರು ಮಾಡಿದ್ದು ಒಬ್ಬ ಹೆಂಗಸು. ಈಗ ಆ ದೇಶದಲ್ಲಿ ಸಾವಿರಕ್ಕೂ ಜಾಸ್ತಿ ಇವೆ, ಐರ್ಲೆಂಡ್, ಇಂಗ್ಲೆಂಡಿಗೂ ಹಬ್ಬಿವೆ. ಗಂಡಸರು ಎದುರುಬದುರು ಕೂತರೆ ಬಾಯಿ ಬಿಡಲ್ಲ, ಹೆಗಲಿಗೆ ಹೆಗಲು ಕೊಟ್ಟು ನಿಂತರೆ ಮಾತಾಡ್ತಾರೆ ಅನ್ನೋದು ಶೆಡ್ಡಿನವರ ಮಾತು. ನಮ್ಮ ಅರಳಿಕಟ್ಟೆಯಲ್ಲಿ ಮಾತಿಗೇನೂ ಬರವಿಲ್ಲ, ಆದರೆ ಕೈಗೆ ಕೆಲಸ ಇಲ್ಲ ಅಲ್ವಾ? ಅದಕ್ಕೇ ಇರಬೇಕು, ಅಲ್ಲಿ ರಾಜಕೀಯ ಬಿಟ್ಟು ಒಳಗಿನ ಮಾತು ಹೊರಗೆ ಬರಲ್ಲ.

ಹೊರಡುವಾಗ ಆ ಅಜ್ಜ, "ಗುರುವಾರ ಬರ್ತೀರಾ?" ಅಂದರು. ಮಾರನೇ ದಿನವೇ ಮೆಲ್ಬರ್ನಿಗೆ ವಾಪಸ್ಸು ಅಂದೆ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದುಕೊಟ್ಟು, ಚಕ್ರದ ಒಳಬದಿಯಲ್ಲಿ ನನ್ನ ಹೆಸರನ್ನು ಕನ್ನಡದಲ್ಲೇ ಬರೆಸಿಕೊಂಡರು. ಆಮೇಲೆ ಅದನ್ನು ಬಣ್ಣ ಹಚ್ಚೋ ಡಬ್ಬಿಗೆ ಹಾಕಲಿಲ್ಲ, ತಮ್ಮ ಜೇಬಿಗೆ ಹಾಕಿಕೊಂಡರು.