ಮುತ್ಯಾನ ಮಂಚದ ಬದಿಯ ಕರಿ ಹಾಳೆ

ಒತ್ತಿದರೆ ತಿಳಿಯುವ ಒಂದು ಕರಿ ಹಾಳೆ ಹಿಡಿದು ತೊಗರಿ ಬೇಳೆ ಡಬ್ಬಿಯಿಂದ ಶುರುಮಾಡಿದ ಕೆಲಸ ಈಗ ಮುತ್ಯಾನ, ಅಂದರೆ ಅಜ್ಜನ, ಮಂಚದ ಹತ್ತಿರ ಬಂದು ನಿಂತಿದೆ.

ಮೊದಲ ವಾರ

ವೆಲೋಸ್ಟ್ಯಾಟ್ ಹಾಳೆ ಕೊರಿಯರ್‌ನಲ್ಲಿ ಬಂತು. ನೋಡಲು ಕಸದ ಕರಿ ಚೀಲವನ್ನು ಕತ್ತರಿಸಿ ಕಳಿಸಿದ ಹಾಗಿದೆ. ಸ್ಟ್ಯಾಟಿಕ್ ಕರೆಂಟಿನಿಂದ ಎಲೆಕ್ಟ್ರಾನಿಕ್ ಚಿಪ್‌ಗಳು ಹಾಳಾಗದಿರಲಿ ಅಂತ ಪ್ಯಾಕಿಂಗ್‌ಗೆ ಬಳಸುವ ಹಾಳೆ ಇದು. ಪ್ಲಾಸ್ಟಿಕ್ ಒಳಗೆ ಇಂಗಾಲದ ಪುಡಿ ಬೆರೆಸಿರುತ್ತಾರೆ. ಒತ್ತಿದರೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ. ಎರಡು ತಾಮ್ರದ ಟೇಪ್ ನಡುವೆ ಒಂದು ತುಂಡು ಇಟ್ಟು, ಮಲ್ಟಿಮೀಟರ್ ಹಚ್ಚಿ, ಹೆಬ್ಬೆರಳಿನಿಂದ ಒತ್ತಿದೆ. ಕಿಲೋ ಓಮ್‌ನಲ್ಲಿದ್ದ ಅಂಕಿ ಸರ್ರನೆ ನೂರುಗಳಿಗೆ ಇಳಿಯಿತು. ಅರ್ಧ ಗಂಟೆ ಸುಮ್ನೆ ಒತ್ತುತ್ತಾ ಕೂತಿದ್ದೆ.

ಬೇಳೆ ಡಬ್ಬಿಯ ಕೆಳಗೆ ಇದನ್ನಿಟ್ಟು, ಎಷ್ಟು ಉಳಿದಿದೆ ಅಂತ ತಿಳಿಯುವುದು ಯೋಜನೆ. ಆರ್ಡುಯಿನೋ ಅನ್ನೋ ಸಣ್ಣ ಪ್ರೋಗ್ರಾಂ ಬೋರ್ಡಿನ 5 ವೋಲ್ಟ್, ಹಾಳೆ, 10 ಕಿಲೋ ಓಮ್ ರೆಸಿಸ್ಟರ್, ಗ್ರೌಂಡ್, ಹೀಗೆ ಸಾಲಾಗಿ ಜೋಡಿಸಿದೆ. ಹಾಳೆ ಮತ್ತು ರೆಸಿಸ್ಟರ್ ಕೂಡುವ ಜಾಗದಿಂದ ಒಂದು ತಂತಿ ಅನಲಾಗ್ ಪಿನ್‌ಗೆ. 0ಯಿಂದ 1023ರವರೆಗೆ ಅಂಕಿ ಬರುತ್ತದೆ, ಹಾಳೆ ಒತ್ತಿದಷ್ಟೂ ಅಂಕಿ ದೊಡ್ಡದು. ಬೆಳಿಗ್ಗೆ 610 ಇತ್ತು, ಮಧ್ಯಾಹ್ನ 680. ಡಬ್ಬಿಯನ್ನು ಯಾರೂ ಮುಟ್ಟಿರಲಿಲ್ಲ.

"ಬ್ಯಾಳಿ ತಾನೇ ಹೆಚ್ಚಾಗ್ಲಿಕತ್ತದೇನೋ?" ಅಂತ ಅವ್ವ ನಕ್ಕಳು.

ಭಾರ ಹಾಗೇ ಇಟ್ಟರೆ ಈ ಹಾಳೆ ನಿಧಾನಕ್ಕೆ ಕೂರುತ್ತಾ ಹೋಗುತ್ತದೆ, ಅಂಕಿ ಏರುತ್ತಾ ಹೋಗುತ್ತದೆ. ಭಾರ ಎತ್ತಿದ ಮೇಲೂ ಮೊದಲಿನ ಅಂಕಿಗೆ ಸರಿಯಾಗಿ ಮರಳುವುದಿಲ್ಲ. ನಮ್ಮ ಬಿಸಿಲಿಗೂ ಅಂಕಿ ಸರಿಯುತ್ತದೆ. ತೂಕವೇ ಬೇಕಿದ್ದರೆ ಲೋಡ್ ಸೆಲ್ ತರಬೇಕು, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇರೋದು ಅದೇ. ಈ ಹಾಳೆಯನ್ನು ಎಷ್ಟು ಅಂತ ಕೇಳಬಾರದು, ಇದೆಯಾ ಇಲ್ವಾ ಅಂತ ಕೇಳಬೇಕು. ಕಾರಿನ ಮುಂದಿನ ಸೀಟಿನಲ್ಲಿ ಬೇಳೆ ಚೀಲ ಇಟ್ಟರೆ ಬೆಲ್ಟ್ ಹಾಕು ಅಂತ ಕೂಗುತ್ತಲ್ವಾ? ಅಲ್ಲೂ ಸೀಟಿನೊಳಗೆ ಒತ್ತಡ ತಿಳಿಯುವ ಒಂದು ಚಾಪೆ ಇರುತ್ತದೆ. ಮನುಷ್ಯನೋ ಚೀಲವೋ ಅದಕ್ಕೆ ತಿಳಿಯದು. ಭಾರ ಬಂತು ಅನ್ನೋದು ಮಾತ್ರ ಗೊತ್ತು.

ಮೂರನೇ ವಾರ

ಮುತ್ಯಾ ರಾತ್ರಿ ಎರಡು ಸಲ ಏಳುತ್ತಾರೆ. ಸ್ವಿಚ್ ಬೋರ್ಡ್ ಇರುವುದು ಬಾಗಿಲ ಹತ್ತಿರ. ಕತ್ತಲಲ್ಲಿ ಒಮ್ಮೆ ತಂಬಿಗೆ ಎಡವಿದ್ದರು. ಕಾಲು ಕೆಳಗಿಟ್ಟ ಕೂಡಲೇ ದೀಪ ಹತ್ತುವ ಚಾಪೆ ಮಾಡೋಣ ಅನ್ನಿಸಿತು.

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಎರಡು ಪದರ, ನಡುವೆ ಕರಿ ಹಾಳೆ. ಅಲ್ಯೂಮಿನಿಯಂ ಮೇಲೆ ಬೆಸುಗೆ ನಿಲ್ಲುವುದಿಲ್ಲ ಅಂತ ತಂತಿಯನ್ನು ಸ್ಟೇಪ್ಲರ್ ಪಿನ್ನಿನಿಂದ ಕೂರಿಸಿದೆ. ಅಂಕಿ 1023. ಕಾಲಿಟ್ಟರೂ 1023, ತೆಗೆದರೂ 1023. ಒಂದು ಗಂಟೆ ಕೋಡ್ ನೋಡಿದೆ. ಕೊನೆಗೆ ಚಾಪೆ ತಿರುವಿ ಹಾಕಿದರೆ ಪಿನ್ ಎರಡೂ ಪದರ ತೂರಿ, ಎರಡನ್ನೂ ನೇರ ಕೂಡಿಸಿ, ಆಚೆ ಬಂದು ನನ್ನನ್ನೇ ನೋಡುತ್ತಿತ್ತು.

ಪಿನ್ ತೆಗೆದು ತಾಮ್ರದ ಟೇಪ್ ಅಂಟಿಸಿದೆ. ಆಗಲೂ ಖಾಲಿ ಚಾಪೆಯೇ 990 ತೋರಿಸಿತು. ಹಾಳೆ ದೊಡ್ಡದಾದಷ್ಟೂ ತಗಲುವ ಜಾಗ ಜಾಸ್ತಿ, ಒತ್ತದೆಯೇ ರೆಸಿಸ್ಟೆನ್ಸ್ ತೀರಾ ಕಡಿಮೆ. ಅದಕ್ಕೆ ಹೊಂದಲಿ ಅಂತ 10 ಕಿಲೋ ಓಮ್ ರೆಸಿಸ್ಟರ್ ತೆಗೆದು 330 ಓಮಿನದು ಹಾಕಿದೆ. ಫಾಯಿಲನ್ನು ಎರಡು ಬೆರಳಗಲದ ಪಟ್ಟಿ ಮಾಡಿದೆ. ಹಾಳೆಗೂ ಮೇಲಿನ ಫಾಯಿಲಿಗೂ ನಡುವೆ ಹಳೆಯ ಸೊಳ್ಳೆ ಪರದೆಯ ತುಂಡು ಇಟ್ಟೆ. ಕಾಲು ಬಿದ್ದಾಗ ಮಾತ್ರ ಫಾಯಿಲ್ ಪರದೆಯ ತೂತುಗಳಲ್ಲಿ ಇಳಿದು ಹಾಳೆಗೆ ತಗಲುತ್ತದೆ. ಈಗ ಖಾಲಿ ಇದ್ದಾಗ 40ರ ಆಸುಪಾಸು, ಕಾಲಿಟ್ಟರೆ 700 ದಾಟುತ್ತದೆ. ನೂರು ರೂಪಾಯಿ ಸಾಮಾನಿಗಿಂತ ಆ ಪರದೆ ತುಂಡು ಜಾಸ್ತಿ ಕೆಲಸ ಮಾಡಿತು.

ನೆಲ ಶಹಾಬಾದ್ ಕಲ್ಲಿನದು. ಒಂದು ಕಲ್ಲಿನ ಅಂಚು ಎದ್ದಿದೆ, ಅಲ್ಲಿ ಚಾಪೆ ಯಾವಾಗಲೂ ಒತ್ತಿದ ಹಾಗೇ ಇರುತ್ತಿತ್ತು. ಅಡಿಯಲ್ಲಿ ತೆಳು ಪ್ಲೈವುಡ್, ಅದರ ಕೆಳಗೆ ಜಾರದ ಹಾಗೆ ರಬ್ಬರ್ ಶೀಟ್ ಹಾಕಿದೆ. ಇಡೀ ಚಾಪೆಗೆ ಮೊಬೈಲ್ ಚಾರ್ಜರಿನ 5 ವೋಲ್ಟ್ ಮಾತ್ರ. ಮೇನ್ಸ್ ಕರೆಂಟನ್ನು ಕಾಲಿನ ಹತ್ತಿರ ತರಲೇ ಇಲ್ಲ.

ಐದನೇ ವಾರ

ಮೂರು ರಾತ್ರಿ ದೀಪ ಹತ್ತಲಿಲ್ಲ. ಬೆಳಿಗ್ಗೆ ನಾನು ಕಾಲಿಟ್ಟರೆ ಹತ್ತುತ್ತದೆ. ನಾಲ್ಕನೇ ರಾತ್ರಿ ಎಚ್ಚರ ಇದ್ದು ನೋಡಿದೆ. ಮುತ್ಯಾ ಮಂಚದ ಇನ್ನೊಂದು ತುದಿಗೆ ಸರಿದು, ಚಾಪೆಯನ್ನು ತುಳಿಯದೆ ಸುತ್ತಿಕೊಂಡು ಹೋದರು.

"ಅದ್ರಾಗ ಕರೆಂಟ್ ಅದ ಇಲ್ಲೋ? ತಂತಿ ಕಾಣ್ತದ."

ಅವರ ಎದುರಿಗೆ ಹಸಿ ಕಾಲಲ್ಲಿ ನಿಂತು ತೋರಿಸಿದೆ. ನಂಬಲಿಲ್ಲ. ಅವ್ವ ಹಳೆಯ ಕೌದಿಯೊಂದನ್ನು ಮಡಚಿ ಮೇಲೆ ಹೊದಿಸಿದಳು, ನಾಲ್ಕೂ ಅಂಚು ಹೊಲಿದು ಬಿಟ್ಟಳು. ಆ ರಾತ್ರಿಯೇ ದೀಪ ಹತ್ತಿತು.

ಕೌದಿಯ ಭಾರಕ್ಕೆ ಖಾಲಿ ಅಂಕಿ 40ರಿಂದ 180ಕ್ಕೆ ಏರಿದೆ, ದಿನಕ್ಕಿಷ್ಟು ಸರಿಯುತ್ತಲೂ ಇದೆ. ಅದಕ್ಕೇ ಕೋಡ್‌ನಲ್ಲಿ ಒಂದೇ ಅಂಕಿಯನ್ನು ಗಡಿ ಮಾಡಿಲ್ಲ. ಕಳೆದ ಕೆಲವು ನಿಮಿಷಗಳ ಸರಾಸರಿಗಿಂತ 200 ಒಮ್ಮೆಲೇ ಏರಿದರೆ ಮಾತ್ರ ದೀಪ, ಮೂರು ನಿಮಿಷಕ್ಕೆ ತಾನೇ ಆರುತ್ತದೆ.

ಈಗ

ಮಲಗುವ ಮುಂಚೆ ಮುತ್ಯಾ ಕೋಲಿನ ತುದಿಯಿಂದ ಕೌದಿಗೆ ಒಮ್ಮೆ ಕುಟ್ಟುತ್ತಾರೆ. ದೀಪ ಹತ್ತುವುದಿಲ್ಲ. ಕೋಲಿನ ತುದಿ ಸಣ್ಣದು, ಪಟ್ಟಿಗಳ ನಡುವಿನ ಖಾಲಿ ಜಾಗದಲ್ಲೇ ಬೀಳುತ್ತದೆ. "ಕೆಟ್ಟದ ನೋಡು" ಅಂತ ದಿನಾ ಕರೆಯುತ್ತಾರೆ. ಈ ಭಾನುವಾರ ಹೊಲಿಗೆ ಬಿಚ್ಚಿ ಪಟ್ಟಿಗಳನ್ನು ಹತ್ತಿರ ಹತ್ತಿರ ಅಂಟಿಸಬೇಕು.